ಈಜಿ ಬಂದ ಕಾರು

ಮಳೆಗಾಲದಲ್ಲಿ ಹಿತ್ತಿಲ ಗೋಡೆಗೆ ಅಂಟಿಕೊಂಡಿರುವ ಬಸವನಹುಳು ನೋಡಿದ್ದೀರಲ್ಲ? ಅದರ ಚಿಪ್ಪು, ಕಡಲೆಕಾಳಿನಷ್ಟು ಚಿಕ್ಕದು, ಒಣಗಿ ಬೆಳ್ಳಗಾದದ್ದು, ನನ್ನ ಕಾರಿನಲ್ಲಿ ಸಿಕ್ಕಿತು. ಡ್ರೈವರ್ ಸೀಟು ಬಿಚ್ಚಿ, ಕಾರ್ಪೆಟ್ ಎತ್ತಿ, ಅದರಡಿಯ ಸ್ಪಂಜನ್ನೂ ಎಬ್ಬಿಸಿದಾಗ ಅಲ್ಲಿ ತಣ್ಣಗೆ ಕೂತಿತ್ತು. ನಮ್ಮ ಬಡಾವಣೆಯ ಮೆಕ್ಯಾನಿಕ್ ಅದನ್ನು ಅಂಗೈ ಮೇಲಿಟ್ಟುಕೊಂಡು, “ಮೇಷ್ಟ್ರೇ, ಇದು ಓಡಿ ಬಂದ ಗಾಡಿಯಲ್ಲ, ಈಜಿ ಬಂದ ಗಾಡಿ” ಎಂದರು. ಗ್ಯಾರೇಜಿನ ಹುಡುಗರು ಕಿಸಕ್ಕನೆ ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಶುರುವಾದ ಹೊಟ್ಟೆಯುರಿ ಇಂದಿಗೂ ಆರಿಲ್ಲ.

ಹಳೆಯ ಕಾರು ಕೊಳ್ಳುವಾಗ ಮೋಸ ಹೋಗಬಾರದೆಂದೇ ಆ ಮಳಿಗೆಗೆ ಹೋದದ್ದು, ಅದನ್ನು ನೆನೆದರೆ ಇನ್ನೂ ಉರಿಯುತ್ತದೆ. ತುಮಕೂರಿನಲ್ಲೇ ಮೂವರು ದಲ್ಲಾಳಿಗಳು ಕಾರು ತೋರಿಸಿದ್ದರು. ದಲ್ಲಾಳಿಯ ಮಾತು ನಂಬಿ ಕೆಟ್ಟವರನ್ನು ಕಂಡಿದ್ದ ನಾನು, ನಾಲ್ಕು ಕಾಸು ಹೆಚ್ಚಾದರೂ ಆಗಲಿ ಎಂದು ಬೆಂಗಳೂರಿನ ದೊಡ್ಡ ಮಳಿಗೆಯನ್ನು ಹುಡುಕಿಕೊಂಡು ಹೋದೆ. ಗಾಜಿನ ಗೋಡೆ, ತಣ್ಣನೆಯ ಎ.ಸಿ., ಟೈ ಕಟ್ಟಿದ ಹುಡುಗರು, ಕೇಳುವ ಮೊದಲೇ ಅಮ್ಮನ ಕೈಗೆ ಬಂದ ಕಾಫಿ. 2019ರ ಮಾರ್ಚಿನಲ್ಲಿ ನೋಂದಣಿಯಾದ ಚಿಕ್ಕ ಕಾರು, ಒಬ್ಬರೇ ಮಾಲೀಕರು, 38 ಸಾವಿರ ಕಿಲೋಮೀಟರ್. ಬೆಲೆ 4.60 ಲಕ್ಷ ರೂಪಾಯಿ. ಜಿಪಿಎಫ್‌ನಿಂದ ತೆಗೆದದ್ದು ಸ್ವಲ್ಪ. ಬಹುಪಾಲು ನನ್ನ ಹೆಂಡತಿ ಮೂರು ವರ್ಷ ಕಟ್ಟಿದ ಚೀಟಿಯ ಹಣ.

ಜೊತೆಗೆ 150 ಅಂಶಗಳ ತಪಾಸಣಾ ವರದಿ ಕೊಟ್ಟರು. ‘ಪ್ರವಾಹದ ಹಾನಿ’ ಎಂಬ ಸಾಲಿನ ಮುಂದೆ ‘ಇಲ್ಲ’ ಎಂದು ಹಸಿರು ಟಿಕ್. ಇಪ್ಪತ್ತೆರಡು ವರ್ಷ ಉತ್ತರಪತ್ರಿಕೆ ತಿದ್ದಿರುವ ನನಗೆ, ಓದದೆ ಹಾಕಿದ ಟಿಕ್ ಯಾವುದೆಂದು ನೋಡಿದ ಕೂಡಲೇ ತಿಳಿಯಬೇಕಿತ್ತು. ತಿಳಿಯಲಿಲ್ಲ. ಕಾರಿನೊಳಗೆ ಮಲ್ಲಿಗೆಯ ಘಮ ಗಪ್ಪೆಂದು ಹೊಡೆಯುತ್ತಿತ್ತು. ಎರಡೆರಡು ಸುಗಂಧದ ಬಾಟಲಿ ಯಾಕೆ ತೂಗುಹಾಕಿದ್ದಾರೆ ಎಂದು ಅಮ್ಮ ಕೇಳಿದ್ದಳು. ನಾನೇ ಸುಮ್ಮನಿರಿಸಿದೆ.

2024ರ ಜನವರಿ, ಸಂಕ್ರಾಂತಿಯ ಮರುವಾರ. ಕಾರಿಗೆ ಕೆಂಪು ಬಟ್ಟೆ ಹೊದಿಸಿ, ಕೇಕು ಕತ್ತರಿಸಿ, ನನಗೆ ಶಾಲು, ನನ್ನ ಹೆಂಡತಿಗೆ ಲಾಡು, ಇಬ್ಬರ ಕೈಗೂ ಸೇರಿಸಿ ರಟ್ಟಿನದೊಂದು ದೊಡ್ಡ ಬೀಗದ ಕೈ. ಫೋಟೋ ತೆಗೆದರು. ಮದುವೆಯಲ್ಲೂ ನಮಗೆ ಇಷ್ಟು ಉಪಚಾರ ನಡೆದಿರಲಿಲ್ಲ.

ಬೇಸಿಗೆ ಮುಗಿಯುವವರೆಗೆ ಕಾರು ಚೆನ್ನಾಗಿಯೇ ಇತ್ತು. ಜೂನ್ ಮೊದಲ ವಾರದ ಮಳೆಗೆ ಬಣ್ಣ ಬಯಲಾಯಿತು. ಬಾಗಿಲು ತೆರೆದರೆ ನೆನೆದ ಗೋಣಿಚೀಲದ ವಾಸನೆ. ಬೆಳಿಗ್ಗೆ ನೋಡಿದರೆ ಮುಂದಿನ ಗಾಜಿಗೆ ಒಳಗಿನಿಂದಲೇ ಮಂಜು. ಕಿಟಕಿ ಇಳಿಸಿದರೆ ಏರುವುದಿಲ್ಲ. ಏರಿದರೆ ತಾನಾಗಿಯೇ ಇಳಿಯುತ್ತದೆ. ಇವನ್ನೆಲ್ಲ ಸಹಿಸಿಕೊಳ್ಳಬಹುದಿತ್ತು. ಒಂದು ರಾತ್ರಿ ಅಮ್ಮನ ಕಣ್ಣಿನ ತಪಾಸಣೆ ಮುಗಿಸಿ ಬೆಂಗಳೂರಿನಿಂದ ಹಿಂದಿರುಗುತ್ತಿದ್ದೆವು. ದಾಬಸ್‌ಪೇಟೆ ದಾಟಿ ಸ್ವಲ್ಪ ದೂರ ಬಂದಿರಬೇಕು, ಎರಡೂ ಹೆಡ್‌ಲೈಟ್, ಡ್ಯಾಶ್‌ಬೋರ್ಡಿನ ದೀಪ, ವೈಪರ್ ಎಲ್ಲವೂ ಒಟ್ಟಿಗೆ ಸತ್ತವು. ಹೆದ್ದಾರಿ, ಜಡಿಮಳೆ, ಹಿಂದೆ ಲಾರಿ. ಅಂದಾಜಿನ ಮೇಲೆ ಎಡಕ್ಕೆ ತಂದು ನಿಲ್ಲಿಸಿದೆ. ಲಾರಿ ಹಾರ್ನ್ ಹೊಡೆಯುತ್ತಾ ಪಕ್ಕದಿಂದ ಹಾದುಹೋದಾಗ ಕಾರು ಅಲುಗಾಡಿತು. ಕಣ್ಣಿಗೆ ಔಷಧ ಹಾಕಿಸಿಕೊಂಡಿದ್ದ ಅಮ್ಮ ಹಿಂದಿನ ಸೀಟಿನಿಂದ, “ಯಾಕೋ, ಊರು ಬಂತಾ?” ಎಂದಳು. ನನಗೆ ಉತ್ತರ ಕೊಡಲು ಬಾಯಿಯೇ ಬರಲಿಲ್ಲ.

ಮರುದಿನವೇ ಆ ಗ್ಯಾರೇಜು, ಆ ಬಸವನಹುಳು. ಸೀಟಿನ ಹಳಿಗಳ ಬೋಲ್ಟುಗಳಿಗೆ ತುಕ್ಕು. ವೈರಿನ ಕಟ್ಟು ಬಿಚ್ಚಿದರೆ ಒಳಗೆ ಹಸಿರು ಹಿಡಿದ ತಾಮ್ರ, ನುಣುಪಾದ ಬೂದು ಮಣ್ಣು. ಮೆಕ್ಯಾನಿಕ್ ಸೀಟ್ ಬೆಲ್ಟುಗಳನ್ನು ಒಂದೊಂದಾಗಿ ಕೊನೆಯವರೆಗೆ ಎಳೆದು ತೋರಿಸಿದರು. ಮುಂದಿನ ಎರಡೂ ಹೊಚ್ಚ ಹೊಸವು. ತುದಿಯ ಚೀಟಿಯಲ್ಲಿ 2023 ಎಂದಿದೆ. 2019ರ ಕಾರಿಗೆ 2023ರ ಬೆಲ್ಟು! ಹಿಂದಿನ ಅಕ್ಕಪಕ್ಕದ ಎರಡನ್ನು ಯಾರೋ ಸೋಪು ಹಾಕಿ ಉಜ್ಜಿದ್ದರು. ನಡುವಿನದನ್ನು ಮರೆತಿದ್ದರು. ಯಾರೂ ಬಳಸದ ಬೆಲ್ಟು ಅದು. ಪೂರ್ತಿ ಎಳೆದಾಗ, ಕೆರೆಯ ನೀರು ಇಳಿದ ಮೇಲೆ ಮೆಟ್ಟಿಲಿನ ಮೇಲೆ ಉಳಿಯುತ್ತದಲ್ಲ, ಹಾಗೆ ಕಂದು ಬಣ್ಣದ ಒಂದು ಗೆರೆ. ಗೆರೆಯ ಕೆಳಗೆ ಮಣ್ಣು, ಮೇಲೆ ಶುಭ್ರ.

ಆಮೇಲೆ ಕಾಗದಗಳನ್ನು ಕೆದಕಿದೆ, ಕೊಳ್ಳುವ ಮೊದಲೇ ಮಾಡಬೇಕಿದ್ದ ಕೆಲಸ. ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಹಿಂದಿನ ಮಾಲೀಕರ 2023ರ ವಿಮಾ ಪಾಲಿಸಿಯ ಪ್ರತಿ ಕಡತದಲ್ಲೇ ಇತ್ತು. ಕ್ಲೈಮ್ ಮಾಡದೆ ವರ್ಷ ಕಳೆದಂತೆ, ನೋ ಕ್ಲೈಮ್ ಬೋನಸ್ ಎಂಬ ಪ್ರೀಮಿಯಂ ರಿಯಾಯಿತಿ ಶೇ 20, 25, 35, 45, 50 ಎಂದು ಏರುತ್ತದೆ. ಒಂದು ಗೀರೂ ಆಗಿಲ್ಲವೆಂದು ಮಳಿಗೆಯವರು ಆಣೆ ಮಾಡಿದ ಕಾರಿಗೆ ನಾಲ್ಕನೇ ವರ್ಷಕ್ಕೆ ಶೇ 45 ಇರಬೇಕಿತ್ತು. ಅಲ್ಲಿದ್ದದ್ದು ಸೊನ್ನೆ. ಅಧಿಕೃತ ಸರ್ವಿಸ್ ಸೆಂಟರಿನ ದಾಖಲೆ 2022ರ ಜುಲೈವರೆಗೆ ತಪ್ಪದೆ ಇದೆ, ಅಲ್ಲಿಂದ ಮುಂದೆ ಖಾಲಿ. ಕಾರಿನ ಸಂಖ್ಯೆ ಕೆಎ 53, ಅಂದರೆ ಕೆ.ಆರ್. ಪುರದ ನೋಂದಣಿ. 2022ರ ಸೆಪ್ಟೆಂಬರ್ ಮೊದಲ ವಾರ ಬೆಂಗಳೂರಿನ ಪೂರ್ವ ಭಾಗದಲ್ಲಿ ಏನಾಯಿತೆಂದು ನೆನಪಿದೆಯಲ್ಲ? ಬೆಳ್ಳಂದೂರು, ಯಮಲೂರು ಕಡೆ ಜನರನ್ನು ದೋಣಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಹೊರಗೆ ತಂದರು. ಕೋಟಿ ಬೆಲೆಯ ಕಾರುಗಳೂ ಮುಳುಗಿ ನಿಂತವು. ನನ್ನದು ಅಲ್ಲೇ ಮುಳುಗಿತ್ತೆಂದು ನಾನು ಪ್ರಮಾಣ ಮಾಡಲಾರೆ. ನಡುವಿನ ಬೆಲ್ಟು ಮಾಡುತ್ತದೆ.

ಮಳಿಗೆಗೆ ಮೂರು ಸಲ ಅಲೆದೆ. ಮಾರುವ ದಿನ ‘ಅಣ್ಣ’ ಆಗಿದ್ದವನು ಮೊದಲ ಸಲ ಹೋದಾಗ ‘ಸರ್’ ಆದೆ, ಮೂರನೇ ಸಲಕ್ಕೆ ‘ನೋಡಿ ಮಿಸ್ಟರ್’. ಆರು ತಿಂಗಳ ವಾರಂಟಿ ಇನ್ನೂ ಮುಗಿದಿರಲಿಲ್ಲ. ಎಂಜಿನ್, ಗೇರ್‌ಬಾಕ್ಸಿಗೆ ಮಾತ್ರ, ವೈರಿಂಗಿಗೆ ಇಲ್ಲ ಎಂದರು. ನೀರು ಮೊದಲು ತಿನ್ನುವುದೇ ವೈರಿಂಗನ್ನು. ಹಳೆಯ ಕಾರು ಎಂದಮೇಲೆ ಸಣ್ಣಪುಟ್ಟ ತೊಂದರೆ ಇದ್ದದ್ದೇ ಎಂದರು. ಸ್ವಾಮಿ, ಕ್ಲಚ್ ಪ್ಲೇಟ್ ಸವೆದಿತ್ತು, ನಾನೇ ಹಾಕಿಸಿಕೊಂಡೆ. ಎರಡು ಟಯರು ಬದಲಾಯಿಸಿಕೊಂಡೆ. ತುಟಿ ಪಿಟಕ್ಕೆನ್ನಲಿಲ್ಲ. ಅದು ವಯಸ್ಸು. ಇದು ಕೆಸರು.

ಕೊನೆಗೆ ವ್ಯವಸ್ಥಾಪಕರು, “ನಮಗೂ ಗೊತ್ತಿರಲಿಲ್ಲ ಸರ್, ನಾವೂ ಮೋಸ ಹೋಗಿದ್ದೇವೆ” ಎಂದು ಮುಖ ಸಣ್ಣ ಮಾಡಿಕೊಂಡರು. ಗೊತ್ತಿಲ್ಲದವರು ಮುಂದಿನ ಬೆಲ್ಟುಗಳನ್ನು ಹೊಸದಾಗಿ ಹಾಕಿಸುತ್ತಾರೆಯೇ? ಗೊತ್ತಿಲ್ಲದವರು ಕಣ್ಣಿಗೆ ಕಾಣುವ ಕಾರ್ಪೆಟ್ ಮಾತ್ರ ಬದಲಿಸಿ ಅಡಿಯ ಸ್ಪಂಜನ್ನು ಹಾಗೇ ಬಿಡುತ್ತಾರೆಯೇ? ಕಾರು ವಾಪಸು ತೆಗೆದುಕೊಳ್ಳಿ ಎಂದೆ. ಒಳಗೆ ಹೋಗಿ ಕಂಪ್ಯೂಟರ್ ಕುಟ್ಟಿ ಬಂದು 2.10 ಲಕ್ಷ ಎಂದರು. ಐದು ತಿಂಗಳ ಹಿಂದೆ 4.60 ಇತ್ತಲ್ಲ ಎಂದರೆ, “ನೀರಲ್ಲಿ ನಿಂತ ಗಾಡಿಗೆ ಇದಕ್ಕಿಂತ ಹೆಚ್ಚು ಬರುವುದಿಲ್ಲ ಸರ್” ಎಂದುಬಿಟ್ಟರು. ಮಾರುವಾಗ ಮುಳುಗಿರದಿದ್ದ ಕಾರು ಕೊಳ್ಳುವಾಗ ಮುಳುಗಿತ್ತು! ಇದನ್ನು ಮತ್ತೆ ಯಾರಿಗೆ ಮಾರುತ್ತೀರಿ ಎಂದು ಕೇಳಿದ್ದಕ್ಕೆ ಕುಡಿಯಲು ನೀರು ತರಿಸಿದರು.

ಇನ್ನೊಂದು ಕರಾಮತ್ತು ಕೇಳಿ. ಆರ್‌ಸಿ ವರ್ಗಾವಣೆಯ ಕಾಗದಗಳಲ್ಲಿ ಇವರ ಹೆಸರೇ ಇಲ್ಲ. ಹಿಂದಿನ ಮಾಲೀಕರು ಸಹಿ ಹಾಕಿಟ್ಟ ನಮೂನೆ 29 ಮತ್ತು 30ರಲ್ಲಿ ನನ್ನ ಹೆಸರು ತುಂಬಿ, ನಾನು ಮುಖವನ್ನೇ ನೋಡದ ಒಬ್ಬರಿಂದ ನೇರವಾಗಿ ಕೊಂಡಂತೆ ಮಾಡಿದ್ದಾರೆ. ಹಳೆಯ ವಾಹನ ಮಾರುವ ಡೀಲರುಗಳು ಆರ್‌ಟಿಒ ಕಚೇರಿಯಿಂದ ಅಧಿಕೃತ ಪತ್ರ ಪಡೆದಿರಬೇಕು, ವಾಹನ ಅವರ ಕೈಗೆ ಬಂದದ್ದನ್ನು ತಿಳಿಸುವ ನಮೂನೆ 29ಸಿ ಸಲ್ಲಿಕೆಯಾಗಬೇಕು, ಆಗಿನಿಂದ ಅದರ ಹೊಣೆ ಡೀಲರಿನದೇ ಎಂಬ ನಿಯಮ 2023ರ ಏಪ್ರಿಲ್ 1ರಿಂದಲೇ ಜಾರಿಯಲ್ಲಿದೆ. ಆ ಪತ್ರ ತೋರಿಸಿ ಎಂದೆ. ಅದು ಹೆಡ್ ಆಫೀಸಿನಲ್ಲಿದೆಯಂತೆ. ಇವರಲ್ಲಿ ಸತ್ಯ ಎಂಬುದೆಲ್ಲ ಹೆಡ್ ಆಫೀಸಿನಲ್ಲೇ ಇರುತ್ತದೆ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದೆ. ‘ಗ್ರಾಹಕರು ವಾಹನವನ್ನು ಇದ್ದ ಸ್ಥಿತಿಯಲ್ಲೇ ಒಪ್ಪಿ ಕೊಂಡಿದ್ದಾರೆ’ ಎಂದು ಮಳಿಗೆಯಿಂದ ಒಂದು ಸಾಲಿನ ಉತ್ತರ ಬಂತು. ಕೇಕು ಕತ್ತರಿಸುವ ಮೊದಲು ಸಹಿ ಹಾಕಿಸಿಕೊಂಡ ಹನ್ನೊಂದು ಹಾಳೆಗಳಲ್ಲಿ ಎಲ್ಲೋ ಆ ವಾಕ್ಯವಿದೆ. ಈಗ ತುಮಕೂರಿನ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಹಾಕಿದ್ದೇನೆ. 2019ರ ಕಾಯ್ದೆಯ ಪ್ರಕಾರ ನಾನಿರುವ ಊರಿನಲ್ಲೇ ಹಾಕಬಹುದು, 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಅವರ ವಕೀಲರು ಎರಡು ಸಲ ಸಮಯ ಕೇಳಿದ್ದಾರೆ. ಕೇಳಲಿ. ಬೆಲ್ಟು ಬಿಚ್ಚಿ ತೆಗೆದಿಟ್ಟಿದ್ದೇನೆ, ಚಿಪ್ಪನ್ನು ಕುಂಕುಮದ ಡಬ್ಬಿಯಲ್ಲಿ ಇಟ್ಟಿದ್ದೇನೆ.

ಮೂರನೇ ಸಲ ಹೋದಾಗ ಮಳಿಗೆಯ ಗೋಡೆಯ ಮೇಲೆ ‘ನಮ್ಮ ಸಂತೃಪ್ತ ಗ್ರಾಹಕರು’ ಎಂಬ ಫಲಕ ಕಂಡಿತು. ಎರಡನೇ ಸಾಲಿನಲ್ಲಿ ನಾವೇ ಇದ್ದೇವೆ. ಶಾಲು ಹೊದ್ದ ನಾನು, ರಟ್ಟಿನ ಬೀಗದ ಕೈ, ಬಾಯಲ್ಲಿ ಲಾಡು ಇಟ್ಟುಕೊಂಡೇ ನಗುತ್ತಿರುವ ನನ್ನ ಹೆಂಡತಿ. ದುಡ್ಡು ಆಮೇಲಾಗಲಿ, ಮೊದಲು ಆ ಫೋಟೋ ತೆಗೆಯಿರಿ ಎಂದೆ. ಟೈ ಕಟ್ಟಿದ ಹುಡುಗ ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, “ಅದಕ್ಕೆ ಹೆಡ್ ಆಫೀಸಿನ ಅನುಮತಿ ಬೇಕು ಸರ್” ಎಂದ.