ಅಂಕಣದ ಕೆಳಗೆ ಒಂದು ಸಾಲು ಬೇಕು

ಉರ್ದು ಪತ್ರಿಕೆಗಳ ಅಂಕಣಕಾರರನ್ನು ನಂಬಬಹುದಾ ಅಂತ ಕೇಳಿದರೆ ನಮ್ಮಲ್ಲಿ ಎರಡು ಉತ್ತರ ರೆಡಿ ಇರುತ್ತವೆ. ಉರ್ದು ಬಾರದವರು "ಅಲ್ಲಿ ಬರೀ ಆವೇಶ, ಬರೀ ಧರ್ಮ" ಅಂತ ತಳ್ಳಿಹಾಕುತ್ತಾರೆ. ಉರ್ದು ಓದುವವರಲ್ಲಿ ಎಷ್ಟೋ ಜನ "ನಮ್ಮ ನೋವು ಬರೆಯೋರು ಅವರೊಬ್ಬರೇ" ಅಂತ ಕಣ್ಣುಮುಚ್ಚಿ ನಂಬುತ್ತಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ. ನಾನು ಕಲಬುರಗಿ ಕಡೆಯವನು, ಉರ್ದು ಓದಲು ಬರುತ್ತದೆ. ಲಾಹೋರ್, ಕರಾಚಿ, ಹೈದರಾಬಾದ್ ಪತ್ರಿಕೆಗಳ ಅಂಕಣದ ಪುಟವನ್ನು ದಿನಾ ಒಮ್ಮೆ ನೋಡದಿದ್ದರೆ ಸಮಾಧಾನ ಆಗುವುದಿಲ್ಲ. ಆ ಪುಟದ ಮೇಲೆ ಪ್ರೀತಿ ಇರುವುದರಿಂದಲೇ ಇದನ್ನು ಬರೆಯುತ್ತಿದ್ದೇನೆ.

ಅಂಕಣಕಾರ ಒಂದು ಪಕ್ಷದ ಕಡೆ ವಾಲುವುದು ನನಗೆ ಸಮಸ್ಯೆಯೇ ಅಲ್ಲ. ಅಭಿಪ್ರಾಯ ಬರೆಯುವವರಿಗೆ ಅಭಿಪ್ರಾಯ ಇರಲೇಬೇಕು. ಆದರೆ ಬರೆಯುತ್ತಿರುವವರು ಇವತ್ತು ಯಾವ ಕುರ್ಚಿಯ ಮೇಲೆ ಕೂತಿದ್ದಾರೆ, ನಿನ್ನೆ ಎಲ್ಲಿ ಕೂತಿದ್ದರು ಅನ್ನುವುದು ಓದುಗನಿಗೆ ಗೊತ್ತಾಗಬೇಕು. ಬರೆದದ್ದು ಸುಳ್ಳು ಅಂತ ಗೊತ್ತಾದ ಮೇಲೆ ಅದೇ ಜಾಗದಲ್ಲಿ ತಿದ್ದುಪಡಿ ಬರಬೇಕು. ಉರ್ದು ಅಂಕಣಗಳ ಮೇಲಿನ ನಂಬಿಕೆ ಸೋರಿ ಹೋಗುತ್ತಿರುವುದು ಇದೆರಡೂ ಇಲ್ಲದ್ದಕ್ಕೆ.

ಪಾಕಿಸ್ತಾನವನ್ನೇ ನೋಡಿ. 1939ರಲ್ಲಿ ದೆಹಲಿಯಲ್ಲಿ ಶುರುವಾಗಿ, ದೇಶ ವಿಭಜನೆ ಆದಮೇಲೆ ಕರಾಚಿಗೆ ಹೋದ 'ಜಂಗ್', 1940ರ ಲಾಹೋರಿನ 'ನವಾ-ಎ-ವಕ್ತ್', ಈಚಿನ 'ಎಕ್ಸ್‌ಪ್ರೆಸ್', 'ದುನಿಯಾ', ಇವೆಲ್ಲದರಲ್ಲೂ ಅಂಕಣಕಾರರಿಗೆ ಸಿಗುವ ಮರ್ಯಾದೆ ಬೇರೆಯದೇ. ಫೋಟೋ ಇರುತ್ತದೆ. ಅಂಕಣಕ್ಕೊಂದು ಶಾಶ್ವತ ಹೆಸರು ಇರುತ್ತದೆ. ಹಾಮಿದ್ ಮೀರ್ ಅವರದ್ದು 'ಕಲಮ್ ಕಮಾನ್', ಜಾವೇದ್ ಚೌಧರಿ ಅವರದ್ದು 'ಜೀರೋ ಪಾಯಿಂಟ್', ತೀರಿಕೊಂಡ ಮುನ್ನೂ ಭಾಯಿ ಅವರದ್ದು 'ಗರೀಬಾನ್'. ಜನ ಪತ್ರಿಕೆಯ ಹೆಸರಿಗಿಂತ ಈ ಹೆಸರುಗಳನ್ನು ಹಿಡಿದುಕೊಂಡೇ ಓದುತ್ತಾರೆ. ಬರಹಗಾರರು ಪತ್ರಿಕೆ ಬದಲಿಸಿದರೆ ಓದುಗರೂ ಜೊತೆಗೆ ಹೋಗುತ್ತಾರೆ.

ಇಷ್ಟು ದೊಡ್ಡ ಹಿಡಿತ ಇರುವ ಬರಹ ಒಳಗೆ ಹೇಗಿರುತ್ತದೆ? ಮೊದಲ ಪ್ಯಾರಾದಲ್ಲಿ ಬಾಗ್ದಾದಿನ ಖಲೀಫ ಹಾರೂನ್ ಅಲ್ ರಶೀದನದ್ದೋ, ಯಾವುದೋ ಚೀನಾ ದೊರೆಯದ್ದೋ ಒಂದು ಕಥೆ. ಅದಾದಮೇಲೆ 'ಒಬ್ಬ ಬುಜುರ್ಗ್ (ಹಿರಿಯರು) ನನಗೆ ಹೇಳಿದರು'. ಬಳಿಕ ಹೆಸರಿಲ್ಲದ ಒಬ್ಬ ನಿವೃತ್ತ ಜನರಲ್, 'ಬಾಖಬರ್', ಅಂದರೆ ಒಳಸುದ್ದಿ ಬಲ್ಲ, ಮೂಲಗಳು. ಕೊನೆಗೆ ಇವತ್ತಿನ ರಾಜಕೀಯ, ಮೇಲೊಂದು ಕವಿ ಇಕ್ಬಾಲರ ಶೇರ್, ಅಂದರೆ ಎರಡು ಸಾಲಿನ ಪದ್ಯ. ಓದಲು ಬಹಳ ಸೊಗಸು. ಆದರೆ ಆ ಕಥೆ ಯಾವ ಪುಸ್ತಕದ್ದು, ಆ ಜನರಲ್ ಯಾರು ಅಂತ ಕೇಳಿದರೆ ಉತ್ತರವಿಲ್ಲ. ಎಷ್ಟೋ ಸಲ ಶೇರ್ ಕೂಡ ಇಕ್ಬಾಲರದ್ದಲ್ಲ! ಎದುರುಗಾಳಿಗೆ ಹೆದರಬೇಡ ಅಂತ ಹದ್ದಿಗೆ ಹೇಳುವ ಆ ಪ್ರಸಿದ್ಧ ಸಾಲು ಇದೆಯಲ್ಲ, 'ತುಂದಿ-ಎ-ಬಾದ್-ಎ-ಮುಖಾಲಿಫ್', ಅದು ಸಯ್ಯದ್ ಸಾದಿಕ್ ಹುಸೇನ್ ಅನ್ನುವ ಕವಿಯದ್ದು. ಬರಹದಲ್ಲೂ ಭಾಷಣದಲ್ಲೂ ಅದು ಇಕ್ಬಾಲರ ಹೆಸರಲ್ಲೇ ಓಡಾಡುತ್ತಿದೆ. ಒಂದು ಶೇರ್ ಯಾರದ್ದು ಅಂತ ನೋಡದೆ ಅಚ್ಚು ಮಾಡುವ ಪುಟ, ಅಣುಬಾಂಬು, ಪೋಲಿಯೋ ಲಸಿಕೆ, ಮಲಾಲಾ ಮೇಲಿನ ದಾಳಿಯ ಬಗ್ಗೆ ಬರೆದದ್ದನ್ನು ಪರೀಕ್ಷಿಸಿರುತ್ತದೆ ಅಂತ ಹೇಗೆ ನಂಬುವುದು? 2012ರಲ್ಲಿ ಆ ಹುಡುಗಿಯ ತಲೆಗೆ ಗುಂಡು ಬಿದ್ದಾಗ ಅದನ್ನು ನಾಟಕ ಅಂದವರಿಗೆ ಉರ್ದು ಅಂಕಣಗಳಲ್ಲೂ ಜಾಗ ಸಿಕ್ಕಿತ್ತು. ನನಗೆ ಇವತ್ತಿಗೂ ಅದು ಅರಗುವುದಿಲ್ಲ.

ಇನ್ನು ಕುರ್ಚಿಯ ವಿಷಯ. ತೀರಿಕೊಂಡ ಇರ್ಫಾನ್ ಸಿದ್ದೀಕಿ ಉರ್ದುವಿನ ದೊಡ್ಡ ಅಂಕಣಕಾರರಲ್ಲಿ ಒಬ್ಬರಾಗಿದ್ದರು. ಅಷ್ಟು ಶುದ್ಧವಾದ, ತಿಳಿಯಾದ ಉರ್ದು ಬರೆಯುವುದು ಕೆಲವರಿಗೆ ಮಾತ್ರ ಒಲಿಯುತ್ತದೆ. ಅವರು ರಾಷ್ಟ್ರಪತಿ ರಫೀಕ್ ತಾರಡ್ ಅವರ ಪತ್ರಿಕಾ ಕಾರ್ಯದರ್ಶಿ ಆಗಿದ್ದವರು. 2014ರಲ್ಲಿ ತಾಲಿಬಾನ್ ಜೊತೆ ಮಾತುಕತೆಗೆ ನವಾಜ್ ಷರೀಫ್ ಸರ್ಕಾರ ಕಟ್ಟಿದ ಸಮಿತಿಯಲ್ಲಿದ್ದರು, ಪ್ರಧಾನಿಯ ಸಲಹೆಗಾರರಾದರು, 2021ರಲ್ಲಿ ಷರೀಫರ ಪಕ್ಷದಿಂದಲೇ ಸೆನೆಟರ್ ಆದರು. ಅತಾ ಉಲ್ ಹಕ್ ಕಾಸ್ಮಿ ನಾರ್ವೆ, ಥಾಯ್ಲೆಂಡ್‌ಗೆ ರಾಯಭಾರಿಯಾಗಿ ಹೋದರು, ಮುಂದೆ ಸರ್ಕಾರಿ ಟಿವಿಯ ಅಧ್ಯಕ್ಷರೂ ಆದರು. ನಜೀರ್ ನಾಜಿ ಅಂಕಣವನ್ನೂ ಬರೆದರು, ನವಾಜ್ ಷರೀಫರ ಭಾಷಣಗಳನ್ನೂ ಬರೆದುಕೊಟ್ಟರು. ಇದ್ಯಾವುದೂ ಗುಟ್ಟಲ್ಲ, ಅಪರಾಧವೂ ಅಲ್ಲ. ರಾಜಧಾನಿಯಲ್ಲಿ ಇರುವವರಿಗೆಲ್ಲ ಗೊತ್ತಿರುವ ಸಂಗತಿ. ಆದರೆ ಮುಲ್ತಾನ್ ಹತ್ತಿರದ ಹಳ್ಳಿಯ ಚಹಾದಂಗಡಿಯಲ್ಲಿ ಕೂತು ಓದುವವನಿಗೆ? ಅವನಿಗೆ ಕಾಣುವುದು ಒಂದು ಫೋಟೋ, ಒಂದು ಹೆಸರು. ಬರೆದವರು ಇಂಥ ಪ್ರಧಾನಿಯ ಸಲಹೆಗಾರರಾಗಿದ್ದರು ಅಂತ ಕೆಳಗೆ ಒಂದು ಸಾಲು ಹಾಕಿದರೆ ಅಂಕಣದ ಬೆಲೆ ಕಮ್ಮಿ ಆಗುತ್ತಾ? ನನ್ನ ಪ್ರಕಾರ ಜಾಸ್ತಿ ಆಗುತ್ತದೆ.

2013ರ ಏಪ್ರಿಲ್‌ನಲ್ಲಿ ಪಾಕಿಸ್ತಾನದ ಸುಪ್ರೀಂ ಕೋರ್ಟ್ ಒಂದು ಪಟ್ಟಿ ಬಹಿರಂಗ ಮಾಡಿತು. ವಾರ್ತಾ ಸಚಿವಾಲಯದ ರಹಸ್ಯ ನಿಧಿಯಿಂದ ಲಾಭ ಪಡೆದವರು ಅಂತ ಹೇಳಲಾದ 282 ಪತ್ರಕರ್ತರ ಹೆಸರು ಅದರಲ್ಲಿತ್ತು. ಕೆಲವರು ಆರೋಪ ನಿರಾಕರಿಸಿದರು. ವಿಮಾನದ ಟಿಕೆಟ್, ಹೋಟೆಲ್ ಬಿಲ್, ಉಡುಗೊರೆ, ಇಂಥವೂ ಲೆಕ್ಕದಲ್ಲಿದ್ದವು. 'ಲಿಫಾಫಾ' (ಲಂಚದ ಲಕೋಟೆ) ಅಂತ ಜನ ಯಾವತ್ತೂ ಬೈಯುತ್ತಿದ್ದುದಕ್ಕೆ ಅವತ್ತು ಕಾಗದದ ರೂಪ ಸಿಕ್ಕಿತು. ಇದಕ್ಕಾಗಿ ಕೋರ್ಟಿಗೆ ಹೋದವರು ಯಾರು ಗೊತ್ತಾ? ಪತ್ರಕರ್ತರೇ, ಹಾಮಿದ್ ಮೀರ್ ಮತ್ತು ಅಬ್ಸಾರ್ ಆಲಂ. ಇದು ಸಣ್ಣ ಧೈರ್ಯ ಅಲ್ಲ. ಎರಡು ವರ್ಷ ಕಳೆದಮೇಲೆ ಅಬ್ಸಾರ್ ಆಲಂ ಅವರೇ ಟಿವಿ ಚಾನೆಲ್‌ಗಳನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆಯ ಮುಖ್ಯಸ್ಥರಾದರು. ಅವರ ಪ್ರಾಮಾಣಿಕತೆಯನ್ನು ನಾನು ಪ್ರಶ್ನಿಸುತ್ತಿಲ್ಲ. ಪತ್ರಿಕೆಗೂ ಸರ್ಕಾರಕ್ಕೂ ನಡುವಿನ ಬಾಗಿಲು ಎಷ್ಟು ಸಲೀಸಾಗಿ ತೆರೆಯುತ್ತದೆ ಅನ್ನುವುದಕ್ಕೆ ಹೇಳಿದೆ.

ಬೆಲೆ ತೆತ್ತವರೂ ಇದೇ ಭಾಷೆಯಲ್ಲಿ ಇದ್ದಾರೆ, ಇದನ್ನು ಹೇಳದಿದ್ದರೆ ಅನ್ಯಾಯ ಆಗುತ್ತದೆ. 1857ರಲ್ಲಿ ದೆಹಲಿ ಬಿದ್ದಮೇಲೆ 'ದೆಹಲಿ ಉರ್ದು ಅಖ್ಬಾರ್'ನ ಸಂಪಾದಕ ಮೌಲ್ವಿ ಮುಹಮ್ಮದ್ ಬಾಕರ್ ಅವರನ್ನು ಬ್ರಿಟಿಷರು ಕೊಂದರು. 1908ರಲ್ಲಿ ಕವಿ, ಸಂಪಾದಕ ಹಸ್ರತ್ ಮೊಹಾನಿ ಜೈಲಿಗೆ ಹೋದದ್ದು ಈಜಿಪ್ಟಿನಲ್ಲಿ ಬ್ರಿಟಿಷರ ನೀತಿಯ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಬಂದ ಒಂದು ಲೇಖನಕ್ಕೆ. ಆ ಲೇಖನ ಅವರು ಬರೆದದ್ದಲ್ಲ. ಬರೆದವರ ಹೆಸರು ಹೇಳಲು ಒಪ್ಪದೆ ತಾವೇ ಹೊಣೆ ಹೊತ್ತರು, ಜೈಲಲ್ಲಿ ಹಿಟ್ಟು ಬೀಸಿದರು. 1978ರ ಮೇ ತಿಂಗಳಲ್ಲಿ ಸೇನಾಡಳಿತಗಾರ ಜಿಯಾ ಉಲ್ ಹಕ್ ಸರ್ಕಾರ ಲಾಹೋರಿನಲ್ಲಿ ಪತ್ರಕರ್ತರಿಗೆ ಛಡಿಯೇಟು ಹೊಡೆಸಿತು. 2014ರಲ್ಲಿ ಕರಾಚಿಯಲ್ಲಿ ಹಾಮಿದ್ ಮೀರ್ ಮೇಲೆ ಗುಂಡು ಹಾರಿತು. ಇಂಗ್ಲಿಷಿನಲ್ಲಿ ಬರೆಯುವವರಿಗೂ ಅಲ್ಲಿ ಕಷ್ಟ ಇದೆ, ಆದರೆ ಉರ್ದುವಿಗೆ ಅಧಿಕಾರ ಜಾಸ್ತಿ ಹೆದರುತ್ತದೆ. ಜಿಯಾ ಸಾವಿನ ಸುತ್ತ ಮೊಹಮ್ಮದ್ ಹನೀಫ್ ಬರೆದ ಇಂಗ್ಲಿಷ್ ಕಾದಂಬರಿ 2008ರಿಂದ ಆರಾಮಾಗಿ ಮಾರಾಟವಾಯಿತು. ಅದು ಉರ್ದುವಿನಲ್ಲಿ ಬಂದ ಮೇಲೆ, 2020ರ ಜನವರಿಯಲ್ಲಿ, ಕರಾಚಿಯ ಪ್ರಕಾಶಕರ ಕಚೇರಿಗೆ ನುಗ್ಗಿ ಪ್ರತಿಗಳನ್ನು ಹೊತ್ತೊಯ್ದರು.

ಆದರೂ ಒಂದು ಮಾತು. ಏಟು ತಿಂದವರು ಬರೆದದ್ದೆಲ್ಲ ಸತ್ಯ ಅಂತ ಆಗುವುದಿಲ್ಲ. ನಮ್ಮ ಓದುಗರು ಎಡವುವುದು ಇಲ್ಲೇ. ಧೈರ್ಯಕ್ಕೆ ಗೌರವ ಕೊಡೋಣ, ಮಾಹಿತಿಗೆ ಆಧಾರ ಕೇಳೋಣ.

ನಮ್ಮ ದೇಶದ ಉದಾಹರಣೆಯೂ ಇದೆ. ಅಜೀಜ್ ಬರ್ನಿ 'ರೋಜ್‌ನಾಮಾ ರಾಷ್ಟ್ರೀಯ ಸಹಾರಾ'ದ ಸಂಪಾದಕರಾಗಿದ್ದರು. ಅವರ ಸರಣಿ ಬರಹಗಳಿಗೆ ಉತ್ತರ ಭಾರತದಲ್ಲಿ ದೊಡ್ಡ ಓದುಗ ಬಳಗವಿತ್ತು. ಮುಂಬೈ ದಾಳಿಯ ಹಿಂದೆ ಆರೆಸ್ಸೆಸ್ ಸಂಚು ಇತ್ತಾ ಅಂತ ಕೇಳುವ ಅವರ ಪುಸ್ತಕ 2010ರ ಡಿಸೆಂಬರ್‌ನಲ್ಲಿ ಬಿಡುಗಡೆಯಾಯಿತು. ದಿಗ್ವಿಜಯ್ ಸಿಂಗ್ ಬಿಡುಗಡೆ ಮಾಡಿದರು. ಅಷ್ಟರಲ್ಲಾಗಲೇ ಕಸಬ್ ತಪ್ಪಿತಸ್ಥ ಅಂತ ಕೋರ್ಟ್ ತೀರ್ಪು ಕೊಟ್ಟು ಏಳು ತಿಂಗಳಾಗಿತ್ತು. ಕೇಸು ಬಿತ್ತು. 2011ರ ಜನವರಿಯಲ್ಲಿ ಬರ್ನಿ ತಮ್ಮ ಪತ್ರಿಕೆಯ ಮುಖಪುಟದಲ್ಲೇ ಕ್ಷಮೆ ಕೇಳಿದರು. ಕ್ಷಮೆ ಕೇಳಿದ್ದು ಒಳ್ಳೆಯದೇ. ಆದರೆ ಕೇಸಿಗೆ ಮುಂಚೆ ಆ ಬರಹಗಳನ್ನು ನಂಬಿ, ನೆರೆಹೊರೆಯವರ ಜೊತೆ ವಾದ ಮಾಡಿದ ಸಾಮಾನ್ಯ ಓದುಗ ಕಳೆದುಕೊಂಡದ್ದನ್ನು ಯಾರು ವಾಪಸ್ ಕೊಡುತ್ತಾರೆ? ಮಾಲೆಗಾಂವ್, ಮೆಕ್ಕಾ ಮಸೀದಿ ಸ್ಫೋಟಗಳ ನಂತರ ನಿರಪರಾಧಿ ಹುಡುಗರು ಜೈಲಲ್ಲಿ ಕೊಳೆತದ್ದನ್ನು ಉರ್ದು ಪತ್ರಿಕೆಗಳು ಬಿಡದೆ ಬರೆದಿದ್ದವು. ಅದು ನಿಜವಾದ ಕೆಲಸ. ಒಂದು ಸುಳ್ಳು ಅಂಥ ನಿಜವನ್ನೂ ಎಳೆದು ಕೆಳಗೆ ಹಾಕುತ್ತದೆ, ನನ್ನ ಸಿಟ್ಟು ಅದಕ್ಕೇ.

ಈಗ ನಮ್ಮೂರಿನ ಮಾತು. ಉರ್ದು ಅಂಕಣದ ಇತಿಹಾಸದಲ್ಲಿ ಕಲಬುರಗಿಯ ಒಂದೇ ಮನೆಯ ಮೂವರು ಅಣ್ಣತಮ್ಮಂದಿರು ಇದ್ದಾರೆ ಅಂತ ಕನ್ನಡದಲ್ಲಿ ಎಷ್ಟು ಜನಕ್ಕೆ ಗೊತ್ತು? ಮೆಹಬೂಬ್ ಹುಸೇನ್ ಜಿಗರ್ ಹೈದರಾಬಾದಿನ 'ಸಿಯಾಸತ್' ಪತ್ರಿಕೆ ಕಟ್ಟಿದವರಲ್ಲಿ ಒಬ್ಬರು. ಇಬ್ರಾಹಿಂ ಜಲೀಸ್ ಪಾಕಿಸ್ತಾನಕ್ಕೆ ಹೋದರು, 'ಜಂಗ್'ನಲ್ಲಿ 'ವಗೈರಾ ವಗೈರಾ' ಅಂಕಣ ಬರೆದರು, 'ಮುಸಾವಾತ್' ಪತ್ರಿಕೆಯ ಸಂಪಾದಕರಾದರು. ಜಿಯಾ ಅಧಿಕಾರ ಹಿಡಿದ ಕೆಲವೇ ತಿಂಗಳಲ್ಲಿ, ಆ ಪತ್ರಿಕೆಯ ಮೇಲೆ ಒತ್ತಡ ಇದ್ದಾಗಲೇ, 1977ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಕಿರಿಯವರು ಮುಜ್ತಬಾ ಹುಸೇನ್. 1962ರಲ್ಲಿ 'ಸಿಯಾಸತ್'ನಲ್ಲಿ ಹಾಸ್ಯ ಅಂಕಣ ಶುರು ಮಾಡಿ ಬದುಕಿಡೀ ಬರೆದರು. ಅವರೂ ಸರ್ಕಾರಿ ಸಂಬಳ ತಗೊಂಡವರೇ, ಎನ್‌ಸಿಇಆರ್‌ಟಿಯಲ್ಲಿ ಇದ್ದವರು. ಆದರೆ ಓದುಗರಿಂದ ಮುಚ್ಚಿಡುವಂಥದ್ದು ಅವರಲ್ಲಿ ಏನೂ ಇರಲಿಲ್ಲ. 2007ರಲ್ಲಿ ಪದ್ಮಶ್ರೀ ಬಂತು. 2019ರ ಡಿಸೆಂಬರ್‌ನಲ್ಲಿ, ಎಂಬತ್ತು ದಾಟಿದ ವಯಸ್ಸಲ್ಲಿ, ಪೌರತ್ವ ಕಾಯ್ದೆ ವಿರೋಧಿಸಿ ಅದನ್ನು ವಾಪಸ್ ಕೊಡುತ್ತೇನೆ ಅಂದರು. ಮರುವರ್ಷ ಮೇ ತಿಂಗಳಲ್ಲಿ ತೀರಿಕೊಂಡರು. ಅವರ ನಿಲುವನ್ನು ಒಪ್ಪದವರಿಗೂ ಅವರು ಎಲ್ಲಿ ನಿಂತು ಮಾತಾಡುತ್ತಿದ್ದಾರೆ ಅನ್ನುವುದು ಸ್ಪಷ್ಟವಾಗಿ ಕಾಣುತ್ತಿತ್ತು. ನನ್ನ ಪಾಲಿಗೆ ವಿಶ್ವಾಸಾರ್ಹತೆ ಅಂದರೆ ಇದು.

2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಕನ್ನಡ ಬಿಟ್ಟರೆ ಅತಿ ಹೆಚ್ಚು ಜನರ ತಾಯ್ನುಡಿ ಉರ್ದು, ಸುಮಾರು ಶೇ. 11. ಬೆಂಗಳೂರಿನಿಂದ 'ಸಾಲಾರ್' ಬರುತ್ತಿದೆ, 'ಸಿಯಾಸತ್' ಇಲ್ಲೂ ಓದುತ್ತಾರೆ, ಲಾಹೋರಿನ ಅಂಕಣಗಳು ವಾಟ್ಸಾಪಿನಲ್ಲಿ ನಮ್ಮ ಮನೆಗಳಿಗೂ ಬಂದು ಬೀಳುತ್ತವೆ. "ಕನ್ನಡದಲ್ಲಿ ಎಲ್ಲಾ ಸರಿ ಇದೆಯಾ?" ಅಂತ ಕೇಳಬಹುದು. ಇಲ್ಲ. ಇಲ್ಲೂ ಅಂಕಣದಿಂದ ಅಧಿಕಾರಕ್ಕೆ ಹಾರಿದವರಿದ್ದಾರೆ, ಆ ಪ್ರಶ್ನೆ ಇಲ್ಲಿಯೂ ಕೇಳಬೇಕು. ಆದರೆ ಕನ್ನಡ ಓದುಗನಿಗೆ ಹೋಲಿಸಿ ನೋಡಲು ಹತ್ತು ಪತ್ರಿಕೆ, ಹತ್ತು ಚಾನೆಲ್ ಇವೆ. ಬರೀ ಉರ್ದು ಓದುವ ಹಿರಿಯರಿಗೆ ಎಷ್ಟೋ ಸಲ ಆ ಒಂದು ಅಂಕಣವೇ ಇಡೀ ಜಗತ್ತಿನ ಸುದ್ದಿ. ಆದ್ದರಿಂದ ಅಲ್ಲಿ ಬರೆಯುವವರ ಹೊಣೆ ದೊಡ್ಡದು.

ಉರ್ದು ಬಲ್ಲ ಗೆಳೆಯರಲ್ಲಿ ನನ್ನ ಕೋರಿಕೆ ಇಷ್ಟೇ. ಉರ್ದು ಪತ್ರಿಕೆಗಳಲ್ಲಿ ಓದುಗರ ಪತ್ರಕ್ಕೆ, 'ಮುರಾಸಲಾತ್'ಗೆ, ಇನ್ನೂ ಜಾಗ ಇದೆ. ಬರೆಯಿರಿ. ಆ ಜನರಲ್ ಯಾರು, ಆ ಕಥೆ ಯಾವ ಪುಸ್ತಕದ್ದು, ಈ ಅಂಕಣಕಾರರು ಈಗ ಯಾವ ಹುದ್ದೆಯಲ್ಲಿದ್ದಾರೆ ಅಂತ ಕೇಳಿ. ಅದೂ ಉರ್ದುವಿನಲ್ಲೇ ಕೇಳಿ, ಸಂಪಾದಕರು ಹೊರಗಿನವರ ಟೀಕೆ ಅಂತ ತಳ್ಳಿಹಾಕಲು ಆಗಬಾರದು.