ಟ್ಯಾಂಕ್ ಗಟ್ಟಿಯಾಯಿತು, ಗೇರ್ ಪುಡಿಯಾಯಿತು

ರೇಡಿಯೋ ಕಂಟ್ರೋಲ್ ಟ್ಯಾಂಕ್ ಕಿಟ್‌ನ ಡಬ್ಬಿಯ ಮೇಲೆ ಟೈಗರ್, ಅಂದರೆ ಎರಡನೇ ಮಹಾಯುದ್ಧದ ಜರ್ಮನ್ ಟ್ಯಾಂಕ್, ಒಂದು ಕೆಸರು ಸೀಳಿಕೊಂಡು, ಹೊಗೆ ಉಗುಳುತ್ತಾ ಮೈಮೇಲೆ ಬರುತ್ತಿರುತ್ತದೆ. ಮುಚ್ಚಳ ತೆಗೆದರೆ ಒಳಗಿರುವುದು ಪ್ಲಾಸ್ಟಿಕ್ ಚೌಕಟ್ಟುಗಳ ಅಟ್ಟಿ, ನೋಡಲು ಎಲ್ಲವೂ ಒಂದೇ ಎನ್ನಿಸುವ ಹಲವು ಬಗೆಯ ಸ್ಕ್ರೂಗಳ ಪೊಟ್ಟಣ ಮತ್ತು ಮಾತು ಕಡಿಮೆ, ಬಾಣದ ಗುರುತು ಜಾಸ್ತಿ ಇರುವ ಒಂದು ಪುಸ್ತಕ. ಮುಚ್ಚಳದ ಮೇಲಿನ ಚಿತ್ರಕ್ಕೂ ಒಳಗಿನ ಚೌಕಟ್ಟಿಗೂ ನಡುವಿನ ದಾರಿಯನ್ನು ಹವ್ಯಾಸ ಎನ್ನುತ್ತಾರೆ. ಆ ದಾರಿಯ ಗುಂಡಿಗಳು ಎಲ್ಲರಿಗೂ ಹೆಚ್ಚುಕಡಿಮೆ ಅವೇ. ಮೊದಲೇ ಗೊತ್ತಿದ್ದರೂ ಬೀಳುವುದು ತಪ್ಪುವುದಿಲ್ಲ, ಬಿದ್ದಾಗ ಆಶ್ಚರ್ಯವಾಗುವುದು ತಪ್ಪುತ್ತದೆ, ಅಷ್ಟೆ.

ಮೊದಲು ಲೆಕ್ಕ. ಈ ದೊಡ್ಡ ಕಿಟ್‌ಗಳಲ್ಲಿ ಬಹುಪಾಲು 1/16 ಅಳತೆಯವು. ಅಸಲಿ ಟೈಗರ್ ಫಿರಂಗಿ ನಳಿಗೆಯೂ ಸೇರಿ 8.45 ಮೀಟರ್ ಉದ್ದ. ಹದಿನಾರರಿಂದ ಭಾಗಿಸಿದರೆ 53 ಸೆಂ.ಮೀ. ಇಲ್ಲಿಯವರೆಗೆ ಸಲೀಸು. ತೂಕಕ್ಕೆ ಬಂದಾಗ ಕೆಲವರು 57 ಟನ್ನನ್ನೂ ಹದಿನಾರರಿಂದಲೇ ಭಾಗಿಸಿ, ಮೂರೂವರೆ ಟನ್ ಎಂಬ ಉತ್ತರ ನೋಡಿ ಮೇಜಿನ ಕಾಲುಗಳತ್ತ ಕಣ್ಣು ಹಾಯಿಸುತ್ತಾರೆ. ಉದ್ದ, ಅಗಲ, ಎತ್ತರ ಮೂರೂ ಕುಗ್ಗಿವೆಯಾದ್ದರಿಂದ ಭಾಗಿಸಬೇಕಾದದ್ದು 16×16×16, ಅಂದರೆ 4096ರಿಂದ. ಉತ್ತರ ಸುಮಾರು 14 ಕೆ.ಜಿ. ಪ್ಲಾಸ್ಟಿಕ್ ಕಿಟ್ ಕಟ್ಟಿ ಮುಗಿಸಿದಾಗ ತೂಗುವುದು ಅದರ ಮೂರನೇ ಒಂದರಷ್ಟು. ಹಾಗಾಗಿಯೇ ಸಣ್ಣ ಕಲ್ಲು ಸಿಕ್ಕಿದರೂ ಅದು ಪುಟಿಯುತ್ತದೆ, ಅಸಲಿಯ ಗತ್ತು ಬರುವುದಿಲ್ಲ. ವೇಗದ ಕಥೆ ಇನ್ನೂ ಚೆಂದ. ಗಂಟೆಗೆ 38 ಕಿ.ಮೀ. ಓಡುತ್ತಿದ್ದ ಟ್ಯಾಂಕ್ 1/16ಕ್ಕೆ ಇಳಿದರೆ ಗಂಟೆಗೆ 2.4 ಕಿ.ಮೀ. ಪಕ್ಕದಲ್ಲಿ ಸುಮ್ಮನೆ ನಡೆದು ಹೋಗುವವರೂ ಅದನ್ನು ಹಿಂದೆ ಹಾಕುತ್ತಾರೆ. ಹೊಸಬರಿಗೆ ಈ ಅವಮಾನ ತಡೆಯುವುದಿಲ್ಲ. ಜೋರಾದ ಮೋಟಾರ್ ಹಾಕುತ್ತಾರೆ. ಗೇರ್‌ಬಾಕ್ಸ್‌ನ ಆಯುಷ್ಯ ಅಲ್ಲಿಗೇ ಅರ್ಧ ಮುಗಿಯಿತು.

1/6 ಅಳತೆಗೆ ಕೈ ಹಾಕುವ ಧೀರರೂ ಇದ್ದಾರೆ. ಅಲ್ಲಿ ಟೈಗರ್ 1.4 ಮೀಟರ್ ಉದ್ದ, 60 ಸೆಂ.ಮೀ.ಗೂ ಹೆಚ್ಚು ಅಗಲ. ಅವರು ಕಿಟ್ ತರಿಸುವ ಮುಂಚೆ ಕೋಣೆಯ ಬಾಗಿಲು ಅಳೆಯುವುದು ಒಳ್ಳೆಯದು. ಒಳಗೆ ಹೋಗುವಾಗ ಬಿಡಿಭಾಗಗಳಾಗಿ ಹೋದದ್ದು ಹೊರಗೆ ಬರುವಾಗ ಟ್ಯಾಂಕ್ ಆಗಿರುತ್ತದೆ.

ಕಟ್ಟುವ ಕೆಲಸದಲ್ಲಿ ಮೊದಲ ವೈರಿ ಇ-ಕ್ಲಿಪ್. ಅಕ್ಷದ ತುದಿಯ ಸಣ್ಣ ತೋಡಿನಲ್ಲಿ ಕೂರುವ, ಅರ್ಧಚಂದ್ರದ ಆಕಾರದ ಉಕ್ಕಿನ ಚೂರು ಅದು. ಇಕ್ಕಳದಿಂದ ಒತ್ತಿದಾಗ ಕೂತರೆ ಕೂತಿತು. ಇಲ್ಲದಿದ್ದರೆ ಟಿಂಗ್ ಎಂಬ ಸದ್ದು, ಆಮೇಲೆ ನಿಶ್ಶಬ್ದ. ಹಾರಿದ್ದು ಎಡಕ್ಕೆ ಎಂದು ಕಣ್ಣು ಹೇಳುತ್ತದೆ, ಸಿಗುವುದು ಬಲಗಡೆ, ಅದೂ ಹೊಸ ಕ್ಲಿಪ್ ತರಿಸಿದ ಮೇಲೆ. ಉಪಾಯ ಸುಲಭ: ಗೇರ್‌ಬಾಕ್ಸ್, ಇಕ್ಕಳ, ಎರಡೂ ಕೈ ಎಲ್ಲವನ್ನೂ ದೊಡ್ಡದೊಂದು ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ತೂರಿಸಿ ಕ್ಲಿಪ್ ಒತ್ತಬೇಕು. ನೋಡಿದವರು ನಗುತ್ತಾರೆ, ನಗಲಿ. ಕ್ಲಿಪ್ ಚೀಲದಲ್ಲೇ ಇರುತ್ತದೆ.

ಎರಡನೆಯದು ಸ್ಕ್ರೂ. ಟ್ಯಾಂಕಿನ ಮೈ ಎಬಿಎಸ್ ಪ್ಲಾಸ್ಟಿಕ್‌ನದು. ಟ್ಯಾಪಿಂಗ್ ಸ್ಕ್ರೂ ತಾನೇ ಮರೆ (ಸುರುಳಿ ಗೀರು) ಕೊರೆದುಕೊಂಡು ಒಳಗೆ ಹೋಗುತ್ತದೆ. ಬಿಚ್ಚಿ ಮತ್ತೆ ಹಾಕುವಾಗ ನೇರ ತಿರುಗಿಸಿದರೆ ಹಳೆಯ ಮರೆಯ ಪಕ್ಕದಲ್ಲಿ ಹೊಸದೊಂದು ಕೊರೆಯುತ್ತದೆ; ನಾಲ್ಕು ಸಲ ಹೀಗಾದರೆ ಉಳಿಯುವುದು ತೂತು ಮಾತ್ರ. ಅದಕ್ಕೇ ಸ್ಕ್ರೂವನ್ನು ತೂತಿನ ಬಾಯಲ್ಲಿಟ್ಟು ಮೊದಲು ಹಿಂದಕ್ಕೆ ತಿರುಗಿಸಬೇಕು. ಕೈಗೆ ಸಣ್ಣದಾಗಿ ಟಕ್ ಎಂದು ಇಳಿದದ್ದು ಗೊತ್ತಾಗುತ್ತದೆ. ಹಳೆಯ ಮರೆ ಸಿಕ್ಕಿತು, ಈಗ ಮುಂದಕ್ಕೆ. ಇನ್ನು ಸ್ಕ್ರೂ ಸಡಿಲವಾಗದಿರಲಿ ಎಂದು ಹಚ್ಚುವ ಥ್ರೆಡ್ ಲಾಕ್ ದ್ರವ. ಇದು ಲೋಹಕ್ಕೆ ಲೋಹ ಸೇರುವ ಕಡೆಗೆ ಮಾತ್ರ. ಎಬಿಎಸ್‌ಗೆ ತಾಗಿದರೆ ಸ್ಕ್ರೂ ಗಟ್ಟಿಯಾಗುವುದಿರಲಿ, ಸ್ಕ್ರೂ ಕೂತ ಕಂಬವೇ ಬಿರುಕು ಬಿಡುತ್ತದೆ. ಬಿರುಕು ಹಚ್ಚಿದ ಹೊತ್ತಿಗೇ ಕಾಣಿಸುವುದೂ ಇಲ್ಲ. ಬಣ್ಣವೆಲ್ಲ ಮುಗಿದ ಮೇಲೆ ಕಾಣಿಸಿಕೊಳ್ಳುವ ಮುಹೂರ್ತಜ್ಞಾನ ಅದಕ್ಕಿದೆ.

ಗೇರ್‌ಬಾಕ್ಸ್ ಎರಡು, ಎಡಕ್ಕೊಂದು ಬಲಕ್ಕೊಂದು, ಒಂದು ಇನ್ನೊಂದರ ಕನ್ನಡಿ ಬಿಂಬ. ಮೋಟಾರ್ ಕೂರಿಸುವಾಗ ಅದರ ದಂಡದ ಮೇಲಿನ ಪುಟ್ಟ ಗೇರ್ ಆದ ಪಿನಿಯನ್‌ಗೂ ಮೊದಲ ಗೇರಿಗೂ ನಡುವೆ ತೆಳು ಕಾಗದದ ಪಟ್ಟಿ ಇಟ್ಟು, ಒತ್ತಿ ಹಿಡಿದು, ಸ್ಕ್ರೂ ಬಿಗಿದು, ಆಮೇಲೆ ಕಾಗದ ಎಳೆದು ತೆಗೆದರೆ ಬೇಕಾದಷ್ಟೇ ಸಂದು ಉಳಿಯುತ್ತದೆ. ಸಂದು ಕಡಿಮೆಯಾದರೆ ಮೋಟಾರ್ ಕಿರುಚುತ್ತದೆ, ಹೆಚ್ಚಾದರೆ ಹಲ್ಲು ಉದುರುತ್ತದೆ. ಪಿನಿಯನ್ನಿನ ಗ್ರಬ್ ಸ್ಕ್ರೂ (ತಲೆಯಿಲ್ಲದ ಪುಟ್ಟ ಸ್ಕ್ರೂ) ಮೋಟಾರ್ ದಂಡದ ಚಪ್ಪಟೆ ಭಾಗದ ಮೇಲೇ ಕೂರಬೇಕು. ದುಂಡು ಭಾಗದ ಮೇಲೆ ಕೂತರೆ ಎಷ್ಟು ಬಿಗಿದರೂ ಜಾರುತ್ತದೆ. ಮೋಟಾರ್ ತಿರುಗುತ್ತದೆ, ಸದ್ದು ಬರುತ್ತದೆ, ಟ್ಯಾಂಕ್ ಮಾತ್ರ ಕದಲುವುದಿಲ್ಲ. ರಿಮೋಟ್ ಕೆಟ್ಟಿದೆ ಎಂದು ಜನ ಬೈಯುವುದು ಈ ಹೊತ್ತಿನಲ್ಲೇ.

ತಂತಿ ಜೋಡಿಸಿ ಮೊದಲ ಸಲ ರಿಮೋಟಿನ ಸ್ಟಿಕ್ ಮುಂದೆ ತಳ್ಳಿದಾಗ ಟ್ಯಾಂಕ್ ನಿಂತಲ್ಲೇ ಗಿರಕಿ ಹೊಡೆಯುವುದು ಬಹುತೇಕ ಸಂಪ್ರದಾಯ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಒಂದು ಮೋಟಾರ್ ಮುಂದಕ್ಕೆ, ಇನ್ನೊಂದು ಹಿಂದಕ್ಕೆ. ಹಿಮ್ಮುಖ ಓಡುವ ಮೋಟಾರಿನ ಎರಡು ತಂತಿಗಳನ್ನು ಅದಲುಬದಲು ಮಾಡಿದರೆ ಮುಗಿಯಿತು. ಗಾಬರಿಯಲ್ಲಿ ಬ್ಯಾಟರಿಯ ತಂತಿಗಳನ್ನು ಅದಲುಬದಲು ಮಾಡಿದರೆ ಟ್ಯಾಂಕಿನ ಎಲೆಕ್ಟ್ರಾನಿಕ್ ಬೋರ್ಡೂ ಮುಗಿಯಿತು. ನಿಂತಲ್ಲೇ ಟರೆಟ್ (ಫಿರಂಗಿ ಹೊತ್ತು ತಿರುಗುವ ಮೇಲ್ಭಾಗ) ನಡುಗುವುದು, ತನ್ನಷ್ಟಕ್ಕೆ ಗುಂಡಿನ ಸದ್ದು ಬರುವುದು ಇತ್ಯಾದಿ ದೆವ್ವದ ಚೇಷ್ಟೆಗಳಿಗೆ ಸಾಮಾನ್ಯವಾಗಿ ಮೋಟಾರಿನೊಳಗೆ ಕರೆಂಟ್ ದಾಟಿಸುವ ಬ್ರಷ್‌ಗಳ ಕಿಡಿಯೇ ಕಾರಣ. ಅದರ ಕಾಟ ಅಡಗಿಸಲು 104 ಎಂದು ಗುರುತಿರುವ ಮೂರು ಸೆರಾಮಿಕ್ ಕೆಪಾಸಿಟರ್ ಸಾಕು: ಒಂದು ಎರಡು ಟರ್ಮಿನಲ್‌ಗಳ ನಡುವೆ, ಉಳಿದ ಎರಡು ತಲಾ ಒಂದು ಟರ್ಮಿನಲ್‌ನಿಂದ ಮೋಟಾರಿನ ತಗಡಿನ ಮೈಗೆ. ತಗಡನ್ನು ಅರದಿಂದ ಸ್ವಲ್ಪ ಉಜ್ಜದೆ ಬೆಸುಗೆ ಹಿಡಿಯುವುದಿಲ್ಲ.

ಇಷ್ಟಕ್ಕೆ ಕಿಟ್ ಮುಗಿಯುತ್ತದೆ, ಟ್ಯಾಂಕ್ ಓಡುತ್ತದೆ, ಬುದ್ಧಿವಂತರು ಇಲ್ಲಿಗೆ ನಿಲ್ಲಿಸುತ್ತಾರೆ. ಉಳಿದವರು ಲೋಹದ ಟ್ರ್ಯಾಕ್ (ಚಕ್ರಗಳನ್ನು ಸುತ್ತುವ ಕೊಂಡಿಗಳ ಪಟ್ಟಿ) ತರಿಸುತ್ತಾರೆ.

ಅಲ್ಲಿಂದ ಮುಂದಿನದು ಕಾರ್ಯಕಾರಣ ಸಂಬಂಧದ ಪಾಠ. ಪ್ಲಾಸ್ಟಿಕ್ ಟ್ರ್ಯಾಕ್ ತೆಗೆದು ಲೋಹದ್ದು ಹಾಕಿದರೆ ಅದು ತನ್ನನ್ನು ಎಳೆಯುವ ಪ್ಲಾಸ್ಟಿಕ್ ಹಲ್ಲುಚಕ್ರ, ಅಂದರೆ ಸ್ಪ್ರಾಕೆಟ್‌ನ ಹಲ್ಲುಗಳನ್ನು ಅರೆಯುತ್ತದೆ. ಸ್ಪ್ರಾಕೆಟ್ ಲೋಹದ್ದಾದರೆ ಜಗ್ಗಾಟ ಗೇರ್‌ಬಾಕ್ಸ್‌ನ ಪ್ಲಾಸ್ಟಿಕ್ ಹಲ್ಲಿಗೆ ಬರುತ್ತದೆ. ಉಕ್ಕಿನ ಗೇರ್ ಹಾಕಿದಿರಿ, ಸರಿ. ಈಗ ಮೋಟಾರ್ ಮುಟ್ಟಲಾಗದಷ್ಟು ಬಿಸಿ. ದೊಡ್ಡ ಮೋಟಾರ್ ಹಾಕಿದರೆ ಅದು ಕುಡಿಯುವ ಕರೆಂಟ್ ಬೋರ್ಡಿಗೆ ತಡೆಯದು. ಬೋರ್ಡ್ ಬದಲಿಸಿದರೆ ಬ್ಯಾಟರಿಯ ಬಿಳಿ ಪ್ಲಾಸ್ಟಿಕ್ ಕನೆಕ್ಟರ್ ಕರಗಿ ಅಂಟಿಕೊಳ್ಳುತ್ತದೆ. ಅಷ್ಟೂ ಸರಿಹೋಯಿತು ಎನ್ನುವಾಗ ಟ್ರ್ಯಾಕಿನ ಹಿಂಬದಿಯ ಸುತ್ತನ್ನು ಹಿಡಿದಿಡುವ ಐಡ್ಲರ್ ಚಕ್ರದ ಬುಡ, ಪಾಪ, ಇನ್ನೂ ಎಬಿಎಸ್‌ನಲ್ಲೇ ಇರುವಂಥದು, ಮೈಯಿಂದ ಕಿತ್ತು ಬರುತ್ತದೆ. ಯಾವ ಭಾಗವನ್ನು ಗಟ್ಟಿ ಮಾಡಿದರೂ ಜಗ್ಗುವ ಬಲ ಕಡಿಮೆಯಾಗಿಲ್ಲವಲ್ಲ, ಅದು ಮುಂದಿನ ದುರ್ಬಲನ ಮನೆಗೆ ಹೋಗುತ್ತದೆ.

ಆದ್ದರಿಂದ ಕ್ರಮ ತಿರುವುಮುರುವಾಗಬೇಕು. ಮೊದಲು ಬಾಲ್ ಬೇರಿಂಗ್ ಇರುವ ಉಕ್ಕಿನ ಗೇರ್‌ಬಾಕ್ಸ್, ಅದು ಕೂರುವ ನೆಲಕ್ಕೆ ಒಳಗಿನಿಂದ 2 ಮಿ.ಮೀ. ಅಲ್ಯೂಮಿನಿಯಂ ಪಟ್ಟಿಯ ಆಸರೆ. ಆಮೇಲೆ ಐಡ್ಲರ್‌ನ ಬುಡಕ್ಕೂ ಅಂಥದೇ ಆಸರೆ. ಸ್ಪ್ರಾಕೆಟ್, ಐಡ್ಲರ್, ಟ್ರ್ಯಾಕ್ ಮೂರೂ ಒಂದೇ ಕಡೆಯ ತಯಾರಿಕೆಯಾಗಿರಲಿ, ಏಕೆಂದರೆ ಕೊಂಡಿಯಿಂದ ಕೊಂಡಿಗಿರುವ ಅಂತರದಲ್ಲಿ ಕೂದಲೆಳೆ ವ್ಯತ್ಯಾಸವಿದ್ದರೂ ಸುತ್ತು ಬರುವಷ್ಟರಲ್ಲಿ ಅದು ಕೂಡಿಕೊಂಡು ಟ್ರ್ಯಾಕ್ ಹಲ್ಲಿನ ಮೇಲೆ ಹತ್ತಿ ಕೂರುತ್ತದೆ. ಮತ್ತೊಂದು ಮಾತು: ಎಲ್ಲವನ್ನೂ ಉಕ್ಕಿನದು ಮಾಡುವ ಹಟ ಬೇಡ. ಸುಲಭವಾಗಿ ಬದಲಿಸಬಹುದಾದ ಅಗ್ಗದ ಭಾಗವೊಂದು ಮುರಿಯಲೆಂದೇ ಇರಲಿ. ಫ್ಯೂಸ್ ಇರುವುದೂ ಅದಕ್ಕೇ ತಾನೇ?

ಲೋಹದ ಟ್ರ್ಯಾಕ್ ಪೊಟ್ಟಣದಿಂದ ಬಂದ ಹಾಗೇ ಹಾಕುವಂಥದ್ದಲ್ಲ. ಅಚ್ಚಿನ ಅಂಚಿನಲ್ಲಿ ಉಳಿದ ಚೂರುಗಳಿಂದ ಕೆಲವು ಕೊಂಡಿಗಳು ಬಿಗಿದುಕೊಂಡಿರುತ್ತವೆ. ಟ್ರ್ಯಾಕನ್ನು ಬೆರಳ ಮೇಲೆ ಇಳಿಬಿಟ್ಟು ಒಂದೊಂದೇ ಕೊಂಡಿ ಸರಿಸುತ್ತಾ ಹೋದರೆ, ತನ್ನ ತೂಕಕ್ಕೆ ತಾನೇ ಬಾಗದ ಕೊಂಡಿ ಯಾವುದೆಂದು ತಿಳಿಯುತ್ತದೆ. ಅಲ್ಲಿ ಅರ ಆಡಿಸಬೇಕು. ಆಮೇಲೆ ಬಿಗಿತ. ಟೈಗರ್‌ಗೆ ಮೇಲಿನ ಉರುಳೆಗಳಿಲ್ಲ, ಟ್ರ್ಯಾಕ್ ಚಕ್ರಗಳ ಮೇಲೇ ಜೋತು ಮಲಗಬೇಕು. ನಡುವೆ ಬೆರಳಿಟ್ಟು ಎತ್ತಿದರೆ ಒಂದು ಸೆಂ.ಮೀ.ನಷ್ಟು ಏಳಬೇಕು. ತಂತಿಯ ಹಾಗೆ ಬಿಗಿದರೆ ಬ್ಯಾಟರಿಯ ಅರ್ಧ ಶಕ್ತಿ ಅದರೊಂದಿಗೆ ಗುದ್ದಾಡುವುದಕ್ಕೇ ಹೋಗುತ್ತದೆ. ಸಡಿಲ ಬಿಟ್ಟರೆ ತಿರುವಿನಲ್ಲಿ ಕಳಚಿಕೊಂಡು ಟ್ಯಾಂಕ್ ಮುಂದೆ, ಟ್ರ್ಯಾಕ್ ಹಿಂದೆ. ದಪ್ಪ ಜಮಖಾನೆಯ ಮೇಲೆ ನಿಂತಲ್ಲೇ ತಿರುಗಿಸುವುದಂತೂ ಗೇರ್‌ಬಾಕ್ಸ್‌ಗೆ ಕೊಡುವ ಅತಿ ದೊಡ್ಡ ಶಿಕ್ಷೆ. ಟ್ಯಾಂಕ್ ತಿರುಗುವುದೇ ಟ್ರ್ಯಾಕನ್ನು ಅಡ್ಡಡ್ಡ ಉಜ್ಜಿಕೊಂಡು, ಜಮಖಾನೆ ಜಾರಗೊಡುವುದಿಲ್ಲ. ಸಿಮೆಂಟ್ ನೆಲವೋ ಮಣ್ಣೋ ವಾಸಿ. ಹುಲ್ಲು ಬೇಡವೇ ಬೇಡ. ಟೈಗರ್‌ನ ಚಕ್ರಗಳು ಒಂದರ ಸಂದಿನಲ್ಲಿ ಒಂದು ಹೆಣೆದುಕೊಂಡಿರುತ್ತವೆ. ಅಸಲಿ ಟ್ಯಾಂಕಿನಲ್ಲಿ ಅಲ್ಲಿ ಕೆಸರು ಸೇರಿ ಹೆಪ್ಪುಗಟ್ಟುತ್ತಿತ್ತು, ಒಳಗಿನ ಒಂದು ಚಕ್ರ ಬದಲಿಸಲು ಹೊರಗಿನ ಹಲವನ್ನು ಬಿಚ್ಚಬೇಕಿತ್ತು. ಮಾದರಿಯಲ್ಲಿ ಕೆಸರಿನ ಬದಲು ಹುಲ್ಲಿನ ಎಳೆ, ಉದ್ದ ಕೂದಲು. ಬಿಚ್ಚುವ ಕೆಲಸ ಮಾತ್ರ ಅಳತೆಗೆ ತಕ್ಕಂತೆ ಕಡಿಮೆಯಾಗಿಲ್ಲ.

ಹೊಗೆಯಂತ್ರದ ಬಗ್ಗೆ ಎರಡೇ ಮಾತು. ಅದರಲ್ಲಿರುವುದು ಬತ್ತಿ ಮತ್ತು ಬಿಸಿಯಾಗುವ ಸುರುಳಿ. ಎಣ್ಣೆ ಹನಿ ಲೆಕ್ಕದಲ್ಲಿ ಹಾಕಬೇಕು. ಹೊಗೆ ಹೆಚ್ಚು ಬರಲೆಂದು ತುಂಬಿಸಿದರೆ ಬತ್ತಿ ಮುಳುಗಿ ಹೊಗೆಯೇ ಬರುವುದಿಲ್ಲ, ಉಕ್ಕಿದ ಎಣ್ಣೆ ಸ್ಪೀಕರ್ ಮೇಲಿಳಿದು ಎಂಜಿನ್ನಿನ ಗರ್ಜನೆಗೆ ನೆಗಡಿಯಾಗುತ್ತದೆ. ಪೂರ್ತಿ ಒಣಗಿದ ಮೇಲೂ ಓಡಿಸಿದರೆ ಹೊಗೆ ಬರುತ್ತದೆ, ಆದರೆ ಅದು ಬತ್ತಿಯದ್ದೇ ಹೊಗೆ.

ಟರೆಟ್‌ನಲ್ಲಿ ತಂತಿಗಳದ್ದೇ ತಕರಾರು. 360 ಡಿಗ್ರಿ ತಿರುಗಿಸುವ ಆಸೆಗೆ ತಡೆಗೂಟ ಕತ್ತರಿಸಿ ಹಾಕಿದವರು ಒಂದೇ ದಿಕ್ಕಿಗೆ ಸುತ್ತಿಸುತ್ತಾ ಹೋದರೆ ಒಳಗಿನ ತಂತಿ ಹುರಿಗೊಂಡು ಬೆಸುಗೆಯಲ್ಲಿ ಕಿತ್ತು ಬರುತ್ತದೆ. ತಂತಿ ಹುರಿಗೊಳ್ಳದೆ ಕರೆಂಟ್ ದಾಟಿಸುವ ಸ್ಲಿಪ್ ರಿಂಗ್ ಹಾಕದೆ ಈ ಆಸೆ ಬೇಡ. ಟರೆಟ್ ಉಂಗುರಕ್ಕೆ ಬಣ್ಣ ತಾಗದಂತೆ ಟೇಪ್ ಅಂಟಿಸಿ. ಎರಡು ಪದರ ಪ್ರೈಮರ್, ಎರಡು ಪದರ ಬಣ್ಣ ಸೇರಿದರೆ ಟರೆಟ್ ಜಾಮ್ ಆಗಲು ಅಷ್ಟೇ ಸಾಕು. ಲೋಹದ ನಳಿಗೆ ಚೆಂದವೇನೋ ಹೌದು, ಆದರೆ ಎತ್ತಿ ಇಳಿಸುವ ಪುಟ್ಟ ಮೋಟಾರಿಗೆ ಅದು ಭಾರ. ಹಿಂಭಾಗದಲ್ಲಿ ಸೀಸದ ಚೂರಿಟ್ಟು ಸಮತೂಕ ಮಾಡದಿದ್ದರೆ ಫಿರಂಗಿ ಸದಾ ತಲೆ ತಗ್ಗಿಸಿಯೇ ಇರುತ್ತದೆ.

ಈಗ ಪಂಡಿತರ ಅಂಗಳಕ್ಕೆ. ಆಯಸ್ಕಾಂತದ ಸಿಡಿಗುಂಡು ಅಂಟದಿರಲೆಂದು ಜರ್ಮನ್ನರು ಟ್ಯಾಂಕಿನ ಮೈಗೆ ಬಳಿಯುತ್ತಿದ್ದ ಗೀರುಗೀರಿನ ಲೇಪಕ್ಕೆ ತ್ಸಿಮ್ಮರಿಟ್ ಎಂದು ಹೆಸರು. ಮಾದರಿಗೆ ಇದನ್ನು ಎರಡು ಭಾಗ ಬೆರೆಸಿದಾಗ ಗಟ್ಟಿಯಾಗುವ ಎಪಾಕ್ಸಿ ಪುಟ್ಟಿಯಲ್ಲಿ ಮಾಡುತ್ತಾರೆ. ಪ್ಲಾಸ್ಟಿಕ್ಕನ್ನು 240 ನಂಬರಿನ ಉಪ್ಪುಕಾಗದದಿಂದ ಒರಟು ಮಾಡಿ, ಎರಡೂ ಭಾಗ ಸಮವಾಗಿ ನಾದಿ, ಒದ್ದೆ ಬೆರಳಲ್ಲಿ ಅರ್ಧ ಮಿ.ಮೀ.ಗೂ ತೆಳ್ಳಗೆ ಹರಡಿ, ಪದೇ ಪದೇ ನೀರಿನಲ್ಲಿ ಅದ್ದಿದ ಸಣ್ಣ ಚಪ್ಪಟೆ ಸ್ಕ್ರೂಡ್ರೈವರ್ ತುದಿಯಿಂದ ಒಂದೊಂದೇ ಗೀರು ಒತ್ತಬೇಕು. ಒಂದು ಸಲಕ್ಕೆ ಒಂದೇ ಫಲಕಕ್ಕೆ ಆಗುವಷ್ಟು ಪುಟ್ಟಿ ಕಲಸಿ. ಇಡೀ ಟ್ಯಾಂಕಿಗೆ ಒಟ್ಟಿಗೆ ಕಲಸಿದವರ ಟ್ಯಾಂಕ್ ಎಡಗಡೆ ಅಚ್ಚುಕಟ್ಟು, ಬಲಗಡೆ ಬರಬರುತ್ತಾ ಅವಸರ, ಹಿಂಭಾಗ ಕಲ್ಲು. ಇಷ್ಟು ಕಷ್ಟಪಟ್ಟ ಮೇಲೆ ಟರೆಟ್ ಮೇಲೆ ಕೆಂಪಗೆ 131 ಎಂದು ಬರೆದುಬಿಟ್ಟರೆ? ಆ ನಂಬರಿನ ಅಸಲಿ ಟ್ಯಾಂಕ್ 1943ರ ಏಪ್ರಿಲ್‌ನಲ್ಲಿ ಟ್ಯುನೀಷಿಯಾದಲ್ಲಿ ಬ್ರಿಟಿಷರ ಕೈಗೆ ಸಿಕ್ಕಿ ಈಗ ಇಂಗ್ಲೆಂಡಿನ ಬೋವಿಂಗ್ಟನ್ನಿನ ಟ್ಯಾಂಕ್ ಮ್ಯೂಸಿಯಂನಲ್ಲಿದೆ. ಟೈಗರ್‌ಗಳಿಗೆ ಲೇಪ ಬಳಿಯಲು ಶುರುವಾದದ್ದು ಅದೇ ವರ್ಷದ ಆಗಸ್ಟ್‌ನಲ್ಲಿ. ಟ್ಯಾಂಕ್ ಓಡುತ್ತದೋ ಇಲ್ಲವೋ ನೋಡದೆ ಇದನ್ನು ಮಾತ್ರ ದೂರದಿಂದಲೇ ಕಂಡುಹಿಡಿಯುವವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ. ಲೇಪ ಬೇಕಿದ್ದರೆ ನಂಬರ್ ಬದಲಿಸಿ, ನಂಬರ್ ಬೇಕಿದ್ದರೆ ಲೇಪ ಬಿಡಿ.

ಬ್ಯಾಟರಿ ಎರಡು ಸೆಲ್‌ನ ಲೈಪೋ (ಲಿಥಿಯಂ ಪಾಲಿಮರ್) ಆದರೆ ತುಂಬಿದಾಗ 8.4 ವೋಲ್ಟ್, ಸೆಲ್ ಒಂದಕ್ಕೆ 3.2ಕ್ಕಿಂತ ಕೆಳಗಿಳಿಸುವುದು ಬೇಡ. ಎಚ್ಚರಿಸಲು ಸಣ್ಣದೊಂದು ಅಲಾರಂ ಸಿಗುತ್ತದೆ. ಟ್ಯಾಂಕಿನ ಸ್ವಿಚ್ ಆರಿಸಿ ಅಲಾರಂ ಅಲ್ಲೇ ಬಿಟ್ಟು ಹೋದರೆ, ಬ್ಯಾಟರಿ ಕಾಯಲು ಬಂದದ್ದೇ ಅದನ್ನು ಹೀರಿ ಮುಗಿಸುತ್ತದೆ, ಕೂಗಿ ಕೂಗಿ ತಾನೂ ಸುಮ್ಮನಾಗುತ್ತದೆ.

ಮೊದಲ ಓಟಕ್ಕೆ ಮುನ್ನ ಟ್ಯಾಂಕನ್ನು ಒಂದು ಪೆಟ್ಟಿಗೆಯ ಮೇಲೆ, ಟ್ರ್ಯಾಕ್ ಗಾಳಿಯಲ್ಲಿರುವಂತೆ ಕೂರಿಸಿ. ಮೊದಲು ರಿಮೋಟ್ ಆನ್, ಆಮೇಲೆ ಟ್ಯಾಂಕ್; ಆರಿಸುವಾಗ ಮೊದಲು ಟ್ಯಾಂಕ್. ಐದು ನಿಮಿಷ ನಿಧಾನವಾಗಿ ತಿರುಗಲಿ. ಮೋಟಾರುಗಳನ್ನು ಮುಟ್ಟಿ ನೋಡಿ, ಒಂದು ಇನ್ನೊಂದಕ್ಕಿಂತ ಬಿಸಿಯಿದ್ದರೆ ಆ ಕಡೆಯ ಗೇರ್ ಸಂದು ಅಥವಾ ಟ್ರ್ಯಾಕ್ ಬಿಗಿತ ಸರಿಯಿಲ್ಲ. ನೆಲಕ್ಕಿಳಿಸುವ ಮುಂಚೆ ಸ್ಪ್ರಾಕೆಟ್‌ನ ಗ್ರಬ್ ಸ್ಕ್ರೂಗಳನ್ನು 1.5 ಮಿ.ಮೀ. ಅಲನ್ ಕೀಯಿಂದ ಇನ್ನೊಮ್ಮೆ ಬಿಗಿ ಮಾಡಿ. ಹೌದು, ಮೊದಲೇ ಬಿಗಿದದ್ದು ಗೊತ್ತು, ಆದರೂ ಒಂದಾದರೂ ಸಡಿಲವಾಗಿರುತ್ತದೆ.