ಕಾಲೇಜಿಗೂ ಮೊದಲು ಪಿಗ್ಮಿ ಇತ್ತು

ಮಣಿಪಾಲ ಬೆಳೆದಿದ್ದು ವಿಶ್ವವಿದ್ಯಾಲಯ ಒಂದರಿಂದಲೇ ಅಂತ ಲೇಖನದಲ್ಲಿ ಬರೆದಿದ್ದೀರಿ. ಅದು ಅರ್ಧ ಕಥೆ ಮಾತ್ರ. ಇಲ್ಲಿನ ಕಸ್ತೂರ್ಬಾ ಮೆಡಿಕಲ್ ಕಾಲೇಜು (ಕೆಎಂಸಿ) ಶುರುವಾಗಿದ್ದು 1953ರಲ್ಲಿ. ಅದಕ್ಕೂ 28 ವರ್ಷ ಮೊದಲೇ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿನ ಮೂಲ ಸಂಸ್ಥೆ ಹುಟ್ಟಿತ್ತು. ಬಂಡವಾಳ ಬರೀ 8,000 ರೂಪಾಯಿ. ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗುವುದು ಉದ್ದೇಶ. 1928ರಲ್ಲಿ ಅದರ ಪಿಗ್ಮಿ ಅನ್ನೋ ದಿನದ ಉಳಿತಾಯ ಯೋಜನೆ ಬಂತು. ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕಿತ್ತು, ಏಜೆಂಟರು ಮನೆ ಬಾಗಿಲಿಗೇ ಬರುತ್ತಿದ್ದರು. ಕೆಎಂಸಿ ಕಟ್ಟಿದ ಡಾ. ಟಿ.ಎಂ.ಎ. ಪೈ ಅವರೇ ಆ ಬ್ಯಾಂಕಿನ ಸ್ಥಾಪಕರಲ್ಲೂ ಒಬ್ಬರು.

ನಮ್ಮಜ್ಜಿ ಬೀಡಿ ಕಟ್ಟಿದ ದುಡ್ಡಲ್ಲಿ ಸ್ವಲ್ಪ ಚಿಲ್ಲರೆ ತೆಗೆದು, ಪಿಗ್ಮಿ ಪುಸ್ತಕದ ಜೊತೆ ಕಿಟಕಿಯ ದಂಡೆ ಮೇಲೆ ಇಟ್ಟಿರುತ್ತಿದ್ದರು. ಅಮ್ಮನ ಮದುವೆಗೆ ಬಳೆ ಬಂದಿದ್ದು ಅದರಿಂದಲೇ.

ಆ ಬ್ಯಾಂಕ್ 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಲ್ಲಿ ಸೇರಿಹೋಯಿತು. ಮಣಿಪಾಲದಲ್ಲಿದ್ದ ಕೇಂದ್ರ ಕಚೇರಿಯೂ ಇಲ್ಲವಾಯಿತು. ನನಗೆ ಇವತ್ತಿಗೂ ಬೇಜಾರಿದೆ. ಅದೇ ಹೊತ್ತಿಗೆ ಲಾಕ್‌ಡೌನ್, ಹಾಸ್ಟೆಲುಗಳೆಲ್ಲ ಖಾಲಿ. ಪಕ್ಕದ ಮನೆಯ ಅಕ್ಕ ಹುಡುಗರಿಗೆ ಮೆಸ್ ನಡೆಸುತ್ತಿದ್ದರು. ದೊಡ್ಡ ದೊಡ್ಡ ಪಾತ್ರೆಗಳನ್ನು ತೊಳೆದು ಅಟ್ಟಕ್ಕೆ ಹಾಕಿದರು. ಆಟೋದವರು, ಜೆರಾಕ್ಸ್ ಅಂಗಡಿಯವರು, ಬಾಡಿಗೆ ನಂಬಿದವರು, ಎಲ್ಲರದ್ದೂ ಅದೇ ಪಾಡು.

ಬಾಡಿಗೆ, ಮೆಸ್ಸು ಇಷ್ಟನ್ನೇ ನಂಬಿದರೆ ಹೀಗೇ ಆಗುತ್ತೆ ಅಲ್ವಾ? 1996ರಲ್ಲಿ ಶುರುವಾದ ರೋಬೋಸಾಫ್ಟ್ ಅನ್ನೋ ಸಾಫ್ಟ್‌ವೇರ್ ಕಂಪನಿ ಉಡುಪಿಯಲ್ಲೇ ಬೆಳೆದು ತೋರಿಸಿದೆ. ಅಂಥವು ಇನ್ನೂ ಹತ್ತು ಬೇಕು. ಇಲ್ಲಿ ಕಲಿತ ನಮ್ಮ ಮಕ್ಕಳು ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗುವುದನ್ನು ಎಷ್ಟು ವರ್ಷ ಅಂತ ನೋಡೋದು? ಮುಂದಿನ ಲೇಖನದಲ್ಲಿ ದಯವಿಟ್ಟು ಇದರ ಬಗ್ಗೆ ಬರೆಯಿರಿ.